ಕುರ್ಚಿ ಕಾದ ತಿಂಗಳುಗಳು

ಜೂನ್ ೩, ಸೋಮವಾರ

ಅಂತೂ ಪ್ರಕಟಣೆ ಹೊರಬಿದ್ದಿದೆ. ದಾಖಲಾಲಯದ ದುರಸ್ತಿ ಕೋಣೆಗೆ ಒಂದು ಕಾಯಂ ಹುದ್ದೆ. ಪುಸ್ತಕ ಹೊಲಿಯುವ ನಮ್ಮ ಬೈಂಡರ್ ಅದನ್ನು ಕೆಳಗಿನ ಸೂಚನಾ ಫಲಕದಲ್ಲಿ ಓದಿಕೊಂಡು ಮೆಟ್ಟಿಲು ಹತ್ತಿ ಬಂದವನೇ ಅಂಟಿನ ಪಾತ್ರೆಗೆ ಕಡ್ಡಿ ಬಡಿದು ಡಂಗುರ ಸಾರಿದ.

"ಕೇಳಿ ಕೇಳಿ! ಮೂರನೇ ಮಹಡಿಯಲ್ಲಿ ಮೂರು ಜೀವ ಉಸಿರಾಡ್ತಿವೆ ಅಂತ ಸರ್ಕಾರಕ್ಕೆ ಗೊತ್ತಾಗಿದೆ!"

"ಎರಡೂವರೆ," ಎಂದಳು ಗೋಂದಮ್ಮ. "ಆ ಪರಿ ಸಿಗರೇಟು ಎಳೆಯೋ ನಿಮ್ಮನ್ನ ಅರ್ಧ ಅಂತಲೇ ಹಿಡೀಬೇಕು."

ಅವಳಿಗೆ ಆ ಹೆಸರು ಇಟ್ಟವನೂ ಬೈಂಡರನೇ. ಅಂಟು ಕಾಯಿಸುವುದು ಅವಳ ಪಾಲಿನ ಕೆಲಸ. ಒಮ್ಮೆ ಮಾತಾಡಿಸಿದವರನ್ನು ಬಿಡದೆ ಹಚ್ಚಿಕೊಳ್ಳುವುದು ಅವಳ ಸ್ವಭಾವ. ಎರಡೂ ಸೇರಿ ಹೆಸರಾಯಿತು. ಈಗ ಸೂಪರಿಂಟೆಂಡೆಂಟರೂ ಹಾಗೆಯೇ ಕರೆಯುತ್ತಾರೆ.

ಷರತ್ತುಗಳು: ಯಾವುದಾದರೂ ಪದವಿ. ಕಾಗದ ದುರಸ್ತಿಯಲ್ಲಿ ಹತ್ತು ವರ್ಷ ತುಂಬಿದ ಅನುಭವ. ವಯಸ್ಸು ನಲವತ್ತೆಂಟು ದಾಟಿರಬಾರದು. ನನಗೆ ಡಿಸೆಂಬರಿನಲ್ಲಿ ದಾಟುತ್ತದೆ. ಆದ್ದರಿಂದ ಇದೇ ಮೊದಲು, ಇದೇ ಕೊನೆ. ನನ್ನ ಎಂ.ಎ.ಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ. ಇರಲಿ, ನಾನು ಅದನ್ನು ಓದಿದ್ದು ಹುದ್ದೆಗಾಗಿ ಅಲ್ಲ. ಕೊನೆಯ ಸಾಲು ಮಾತ್ರ ಗುತ್ತಿಗೆಯಲ್ಲಿರುವ ನಮ್ಮ ಮೂವರಿಗೂ ನಾಟಿತು: ಹುದ್ದೆ ಭರ್ತಿಯಾದ ದಿನದಿಂದ ಗುತ್ತಿಗೆ ವ್ಯವಸ್ಥೆ ರದ್ದು. ಅಂದರೆ ಒಬ್ಬರು ಉಳಿಯುತ್ತಾರೆ, ಇಬ್ಬರು ಮನೆಗೆ. ಪದವಿಯಿಲ್ಲದ ಬೈಂಡರ್, "ನಾನಂತೂ ಆಟಕ್ಕುಂಟು ಲೆಕ್ಕಕ್ಕಿಲ್ಲ," ಎಂದು ನಕ್ಕ. ಆ ನಗು ಕಣ್ಣಿನವರೆಗೆ ಹೋಗಲಿಲ್ಲ.

ಬುತ್ತಿ ಬಿಚ್ಚಿದಾಗ ಮೂವರೂ ಒಂದು ತೀರ್ಮಾನಕ್ಕೆ ಬಂದೆವು. ಯಾರನ್ನೂ ತೆಗೆಯಬಾರದು, ಅನುಭವದ ಷರತ್ತನ್ನು ಸಡಿಲಿಸಬೇಕು ಎಂದು ಒಟ್ಟಿಗೆ ಮನವಿ ಕೊಡುವುದು. ಬರೆಯುವುದು ನಾನು.

ಇಡೀ ದಿನ ಒಂದು ಹಳೆಯ ಭೂಪಟದ ಕೆಲಸ. ಹುಳು ನದಿಯ ಗುಂಟವೇ ತಿಂದುಕೊಂಡು ಹೋಗಿದೆ. ತೆಳು ಕಾಗದ ಕೂರಿಸಿ, ಕುಂಚ ಎಳೆದು, ನದಿಗೆ ದಡ ಕಟ್ಟಿದೆ. ಸಂಜೆ ಮನೆಗೆ ಬಂದು ಚಹಾದ ಜೊತೆ ಎರಡು ಕವಿತೆ ಓದಿದೆ. ಒಂದೊಂದು ಸಾಲು ಕಣ್ಣೆದುರು ಒದ್ದೆ ಹಾಳೆಯ ಹಾಗೆ ನಿಧಾನವಾಗಿ ಬಿಚ್ಚಿಕೊಂಡಿತು.

ಜೂನ್ ೧೨, ಬುಧವಾರ

ಗೋಂದಮ್ಮನೂ ನಾನೂ ಅರ್ಜಿ ತುಂಬಲು ಕುಳಿತೆವು. ಸೇರಿದ ದಿನದಿಂದ ಲೆಕ್ಕ ಹಾಕಿದರೆ ಅವಳದು ಹತ್ತು ವರ್ಷ ಮೂರು ತಿಂಗಳು. ನನ್ನದು ಒಂಬತ್ತೂವರೆ.

ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು.

ನಮ್ಮ ಕೋಣೆಯಲ್ಲಿ ಹಿಂದಿನಿಂದ ಬಂದ ಪದ್ಧತಿಯೊಂದಿದೆ, ಕುರ್ಚಿ ಕಾಯುವುದು. ಗುತ್ತಿಗೆಯವರಿಗೆ ರಜೆಯಿಲ್ಲ, ಕುರ್ಚಿ ಒಂದು ವಾರ ಖಾಲಿ ಬಿದ್ದರೆ ಗುತ್ತಿಗೆ ಹೋಯಿತು. ಹಾಗಾಗಿ ಕಾಯಿಲೆ ಬಿದ್ದವರ, ಬಾಣಂತಿಯರ ಕುರ್ಚಿಯಲ್ಲಿ ಅವರ ಕಡೆಯವರು ಬಂದು ಕೂತು, ಅವರ ಹೆಸರಿಗೇ ಹಾಜರಿ ಹಾಕಿ, ಅವರ ಕೆಲಸ ಮಾಡಿ ಹೋಗುತ್ತಿದ್ದರು. ಹಿಂದಿನ ಸೂಪರಿಂಟೆಂಡೆಂಟರು ಕಂಡೂ ಕಾಣದಂತೆ ಇರುತ್ತಿದ್ದರು. ಕಾಗದ ಉಳಿದರೆ ಅವರಿಗೆ ಸಾಕಿತ್ತು. ಗೋಂದಮ್ಮ ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೆ, ಅವಳ ನಾಲ್ಕು ವರ್ಷದ ಮಗಳಿಗೆ ಹೃದಯದ ಶಸ್ತ್ರಚಿಕಿತ್ಸೆ ಎಂದರು. ನಾನು ಆಗ ಅವಳ ಎದುರು ಮನೆಯಲ್ಲಿದ್ದೆ, ಮಕ್ಕಳಿಗೆ ಪಾಠ ಹೇಳಿಕೊಂಡು. ಹೋಗಿ ಅವಳ ಕುರ್ಚಿಯಲ್ಲಿ ಕೂತೆ. ಬೈಂಡರ್ ಕೆಲಸ ಕಲಿಸಿದ. ಎಂಟು ತಿಂಗಳಾದ ಮೇಲೆ ಅವಳು ಮರಳಿ ಬಂದಳು; ಅದೇ ವಾರ ಇನ್ನೊಂದು ಜಾಗ ತೆರವಾಗಿ ನನ್ನನ್ನೂ ನನ್ನ ಹೆಸರಿನಲ್ಲೇ ತೆಗೆದುಕೊಂಡರು. ಬೈಂಡರ್ ನನಗೆ ಕಲಿಸಿದ್ದನ್ನು ನಾನು ಗೋಂದಮ್ಮನಿಗೆ ಕಲಿಸಿದೆ.

"ಅಕ್ಕಾ, ಆ ಎಂಟು ತಿಂಗಳು ನಿಮ್ಮವು," ಎಂದಳು. "ನಂದು ಅಂತ ಹ್ಯಾಗೆ ಬರೀಲಿ?"

"ಮತ್ತೇನು ಬರೀತೀಯ? ಆಸ್ಪತ್ರೆ ವರಾಂಡದಲ್ಲಿ ಎಂಟು ತಿಂಗಳ ಅನುಭವ ಅಂತಾನಾ? ಸುಮ್ಮನೆ ಬರಿಯೇ."

"ಕೈ ಬರಲ್ಲ."

"ಹಾಗಾದ್ರೆ ನನ್ನ ಕೈಗೆ ಕೊಡು. ನಿನ್ನ ಹೆಸರಲ್ಲಿ ಬರೆದು ನಂಗೆ ಅಭ್ಯಾಸ ಇದೆ."

ಇಬ್ಬರೂ ನಕ್ಕುಬಿಟ್ಟೆವು. ಅವಳೇ ಬರೆದಳು. ನಾನು ಒಂಬತ್ತೂವರೆ ಎಂದೇ ತುಂಬಿದೆ. ಷರತ್ತು ಸಡಿಲವಾದರೆ ಅದೂ ಸಾಕಾಗುತ್ತದೆ. ಒಂದು ಮಗು ಉಳಿದುಕೊಂಡ ತಿಂಗಳುಗಳವು. ಅವುಗಳನ್ನು ನನ್ನದು ನಿನ್ನದು ಎಂದು ಪಾಲು ಮಾಡುವಷ್ಟು ಸಣ್ಣವರಾಗಬಾರದು. ಇದನ್ನು ಬರೆಯುವಾಗ ಮನಸ್ಸು ಹಗುರವಾಗಿದೆ.

ಜೂನ್ ೨೭, ಗುರುವಾರ

ಮನವಿ ತಿರಸ್ಕೃತವಾಯಿತು. ಸೂಪರಿಂಟೆಂಡೆಂಟರು ಒಳಗೆ ಕರೆದು ಕೂರಿಸಿ ಹೇಳಿದರು: "ಬಹಳ ಚೆನ್ನಾಗಿ ಬರೆದಿದ್ದೀರಮ್ಮ. ಓದ್ತಾ ಓದ್ತಾ ಕಣ್ಣು ತುಂಬಿ ಬಂತು. ಆದ್ರೆ ನಿಯಮಕ್ಕೆ ಕಣ್ಣಿಲ್ಲ ನೋಡಿ."

ತಮ್ಮನ ಮನೆಯಲ್ಲಿ ನನಗೆ ಕೊಟ್ಟಿರುವ ಕೋಣೆಯಲ್ಲಿ ಇವತ್ತು ನಾದಿನಿ ಅಳತೆ ಟೇಪು ಹಿಡಿದು ನಿಂತಿದ್ದಳು. ಮಗನಿಗೆ ಓದುವ ಮೇಜು ಹಾಕಿಸಬೇಕಂತೆ. "ಈಗಲೇ ಅಲ್ಲ ಅತ್ತಿಗೆ," ಎಂದಳು, "ನಿಮ್ಮದೊಂದು ಗತಿ ಆಗಲಿ, ಆಮೇಲೆ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮೇಜಿನ ಅಳತೆ ನನ್ನ ಮಂಚದ ಅಳತೆಯೇ.

ಜುಲೈ ೯, ಮಂಗಳವಾರ

ತಾತ್ಕಾಲಿಕ ಪಟ್ಟಿ ಬಂತು. ಹೊರಗಿನವರ ಅರ್ಜಿಗಳೆಲ್ಲ ಅನುಭವ ಸಾಲದೆಂದೇ ಬಿದ್ದುಹೋಗಿವೆ. ಅರ್ಹರು ಒಬ್ಬರೇ, ನಮ್ಮ ಗೋಂದಮ್ಮ. ನನ್ನ ಹೆಸರಿನ ಮುಂದೆ "ಅನುಭವ ಕೊರತೆ" ಎಂದಿದೆ.

ಅವಳನ್ನು ತಬ್ಬಿಕೊಂಡೆ. ಹೊಟ್ಟೆಯಲ್ಲಿ ಏನೂ ಇಟ್ಟುಕೊಳ್ಳದೆ ಸಂತೋಷಪಟ್ಟೆ. ಅದನ್ನು ಇಲ್ಲಿ ಬರೆದಿಡುತ್ತೇನೆ. ಬೈಂಡರ್ ಅವಳ ಕುರ್ಚಿಯನ್ನು ಧೂಳು ಹೊಡೆದು, "ಮೇಡಂ ಅವರೇ, ದಯಮಾಡಿಸಬೇಕು," ಎಂದು ಬಾಗಿ ನಿಂತ. ಅವಳು ಅತ್ತಳು, ನಕ್ಕಳು, ಅಂಟು ತಳ ಹಿಡಿಸಿದಳು. ಈಗ ಮಗಳಿಗೆ ಹದಿನಾಲ್ಕು. ಅವಳ ಔಷಧಿ, ವರ್ಷಕ್ಕೊಮ್ಮೆಯ ತಪಾಸಣೆ, ಎಲ್ಲಕ್ಕೂ ಒಂದು ದಾರಿಯಾಯಿತು ಎಂದಳು.

ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಇವತ್ತು ಅವಳು ಆ ಎಂಟು ತಿಂಗಳ ಮಾತೆತ್ತಲಿಲ್ಲ. ಸಂಭ್ರಮದಲ್ಲಿ ಮರೆತಿರಬಹುದು.

ಜುಲೈ ೧೧, ಗುರುವಾರ

ಇವತ್ತೂ ಎತ್ತಲಿಲ್ಲ.

ಜುಲೈ ೧೯, ಶುಕ್ರವಾರ

ತಮ್ಮ ನ್ಯಾಯಾಲಯದಲ್ಲಿ ಬೆರಳಚ್ಚುಗಾರ. ಊಟಕ್ಕೆ ಕೂತಾಗ ಪಟ್ಟಿಯ ವಿಷಯ ಕೇಳಿದ, ಹೇಳಿದೆ. ಕುರ್ಚಿ ಕಾದದ್ದನ್ನೂ ಹೇಳಿದೆ. ಅನ್ನ ಕಲಸುತ್ತಿದ್ದ ಅವನ ಕೈ ನಿಂತಿತು.

"ಅಕ್ಕಾ, ನಿನಗೆ ತಲೆ ನೆಟ್ಟಗಿದೆಯಾ? ಅವಳು ಅರ್ಹಳಾಗಿರೋದೇ ನಿನ್ನ ಎಂಟು ತಿಂಗಳಿಂದ. ಅದನ್ನ ಕಳೆದ್ರೆ ಅವಳಿಗೂ ಹತ್ತು ತುಂಬಲ್ಲ. ನಿನಗೆ ಕೂಡಿಸಿದ್ರೆ ನಿನಗೆ ತುಂಬುತ್ತೆ."

"ಅವಳ ಮಗು ಸಾಯೋ ಸ್ಥಿತಿಯಲ್ಲಿತ್ತು ಕಣೋ."

"ಆಗ ಸಾಯೋ ಸ್ಥಿತಿಯಲ್ಲಿತ್ತು. ಈಗ ಸೈಕಲ್ ಹೊಡೀತಾಳೆ, ನಾನೇ ನೋಡಿದೀನಿ. ನೀನು ಡಿಸೆಂಬರ್ ಆದ್ಮೇಲೆ ಏನು ಹೊಡೀತೀಯ?"

ನಾದಿನಿ ಸಾರು ಬಡಿಸುತ್ತ, "ಸುಮ್ಮನಿರಿ, ಅವರಿಷ್ಟ," ಎಂದಳು. ಅವಳು ನನ್ನ ಪರ ಮಾತಾಡಿದಾಗಲೆಲ್ಲ ನನಗೆ ಇನ್ನಷ್ಟು ಕಷ್ಟವಾಗುತ್ತದೆ.

ಆಕ್ಷೇಪಣೆ ಸಲ್ಲಿಸಲು ಮುಂದಿನ ತಿಂಗಳ ಏಳರವರೆಗೆ ಅವಕಾಶವಿದೆಯಂತೆ. ನಾನು ಅಂಥವಳಲ್ಲ ಎಂದು ಎದ್ದುಬಂದೆ. ಕವಿತೆಯ ಪುಸ್ತಕ ತೆರೆದೆ. ಕಣ್ಣು ಸಾಲುಗಳ ಮೇಲೆ ಹೋಯಿತು, ನಾನು ಹೋಗಲಿಲ್ಲ.

ಒಂದು ಮಾತು ಮಾತ್ರ ನಿಜ. ಆಸ್ಪತ್ರೆಯಲ್ಲಿದ್ದವಳು ಅವಳು, ಇಲ್ಲಿ ಕೂತು ಬೆನ್ನು ಬಗ್ಗಿಸಿದವಳು ನಾನು. ಅವಳಿಗಿನ್ನೂ ನಲವತ್ತೊಂದು. ಅವಳಿಗೆ ಮುಂದೆ ಅವಕಾಶಗಳಿವೆ.

ಜುಲೈ ೩೦, ಮಂಗಳವಾರ

ಬುತ್ತಿ ಬಿಚ್ಚುವಾಗ ತಾನಾಗಿ ಹೇಳುತ್ತಾಳೇನೋ ಎಂದು ಇವತ್ತು ಕೊನೆಯ ಬಾರಿ ಕಾದೆ. ಅವಳು ಮಗಳ ಶಾಲೆಯ ಓಟದ ಸ್ಪರ್ಧೆಯ ಬಗ್ಗೆ ಹೇಳಿದಳು. ಓಡಲು ವೈದ್ಯರು ಒಪ್ಪಿದ್ದಾರಂತೆ. ಹಾಗೆಯೇ ತನ್ನ ಡಬ್ಬಿಯ ಪಲ್ಯದಲ್ಲಿ ಅರ್ಧ ನನ್ನ ಡಬ್ಬಿಗೆ ಹಾಕಿದಳು, ದಿನಾ ಹಾಕುವ ಹಾಗೆ. ಈ ಪಲ್ಯದ ಔದಾರ್ಯ ಸುಲಭ.

ಮಧ್ಯಾಹ್ನ ಕೆಳಗಿನ ಕಪಾಟಿಗೆ ಹೋಗಿ ಆ ವರ್ಷದ ಕಟ್ಟುಗಳನ್ನು ತೆಗೆದು ನೋಡಿದೆ. ನಾನು ಎಡಚಿ. ನನ್ನ ಕುಂಚದ ಗೆರೆಗಳು ಬಲಗೈಯವರ ಗೆರೆಗಳಿಗೆ ತಿರುಗಾಮುರುಗಾ ಓಡುತ್ತವೆ. ಬೆಳಕಿಗೆ ಹಿಡಿದರೆ ಮಗುವಿಗೂ ಕಾಣುತ್ತದೆ. ಎಷ್ಟು ಸೊಗಸಾದ ಕೆಲಸ! ಒಂದು ಅಂಚೂ ಎದ್ದಿಲ್ಲ. ಅಷ್ಟೂ ಕಟ್ಟುಗಳ ಮೇಲೆ ಅವಳ ಹೆಸರು.

ಆಗಸ್ಟ್ ೬, ಮಂಗಳವಾರ

ಆಕ್ಷೇಪಣೆ ಸಲ್ಲಿಸಿದೆ. ಇದು ಯಾರ ವಿರುದ್ಧವೂ ಅಲ್ಲ, ವಾಸ್ತವಾಂಶದ ಪರವಾಗಿ ಮಾತ್ರ.

ಆಗಸ್ಟ್ ೨೨, ಗುರುವಾರ

ನೋಟೀಸು ಅವಳಿಗೆ ಇವತ್ತು ತಲುಪಿತು. ನಿಂತಲ್ಲೇ ಓದಿದಳು. ಓದಿ ಮುಗಿಸಿ ಒಲೆ ಆರಿಸಿದಳು. ಅಂಟು ಇನ್ನೂ ಅರ್ಧ ಬೆಂದಿತ್ತು.

"ಇದು ನೀವು ಬರೆದದ್ದಾ ಅಕ್ಕಾ?"

"ಅದರಲ್ಲಿ ಸುಳ್ಳೇನಿದೆ ಹೇಳು."

"ನಾನು ಸುಳ್ಳು ಅಂದ್ನಾ? ನೀವೇ ಬರೆದದ್ದಾ ಅಂತ ಕೇಳ್ದೆ."

"ಹೌದು."

"ಹತ್ತು ವರ್ಷ ಎದುರುಬದುರು ಕೂತು ಉಂಡಿದ್ದೀವಿ. ಮೊನ್ನೆ ಸೋಮವಾರಾನೂ ನನ್ನ ಡಬ್ಬಿ ಪಲ್ಯ ತಿಂದ್ರಿ. ಗಂಟಲಲ್ಲಿ ಇಳೀತಾ ನಿಮಗೆ?"

"ನೀನು ಒಂದು ಮಾತು ಹೇಳಬಹುದಿತ್ತು. ಪಟ್ಟಿ ಬಂದ ಮೇಲೆ ಒಂದೇ ಒಂದು ಸಲ."

"ಏನು ಹೇಳ್ಬೇಕಿತ್ತು? ಬರೀಬೇಡ ಅಂತ ಅವತ್ತು ಅಂದಿದ್ರೆ ಬರೀತಿರಲಿಲ್ಲ. ಬರಿ ಅಂದವರು ನೀವು. ನಕ್ಕವರೂ ನೀವು. ಹೊಟ್ಟೆಯಲ್ಲಿ ಇಷ್ಟಿಟ್ಟುಕೊಂಡು ಮುಖದಲ್ಲಿ ನಗೋಕೆ ಎಂ.ಎ.ನಲ್ಲಿ ಹೇಳಿಕೊಡ್ತಾರಾ?"

ಇಷ್ಟು ಕೀಳಾಗಿ ಮಾತಾಡುತ್ತಾಳೆಂದು ಗೊತ್ತಿರಲಿಲ್ಲ. ಕೆಲಸ ಮುಂದುವರಿಸಿದೆ. ಬೈಂಡರ್ ದಾರಕ್ಕೆ ಮೇಣ ಸವರುತ್ತ, ನನ್ನ ಕಡೆ ನೋಡದೆ ಹೇಳಿದ: "ಈ ಹುಳಗಳಿವೆಯಲ್ಲಮ್ಮ, ಅಕ್ಷರಕ್ಕೆ ಆಮೇಲೆ ಬಾಯಿ ಹಾಕ್ತವೆ. ಮೊದಲು ತಿನ್ನೋದು ಅಂಟು ಇರೋ ಜಾಗಾನೇ."

ಅವನಿಗೆ ಎಲ್ಲದಕ್ಕೂ ಒಂದು ಮಾತು ಬೇಕು.

ಸೆಪ್ಟೆಂಬರ್ ೫, ಗುರುವಾರ

ವಿಚಾರಣೆ. ಉದ್ದನೆಯ ಮೇಜಿನ ಆಚೆ ಮೂವರು. ನಾನು ಆಯ್ದ ಕಟ್ಟುಗಳನ್ನೂ ದೀಪವಿಟ್ಟ ಗಾಜಿನ ಹಲಗೆಯನ್ನೂ ಅನುಮತಿ ಪಡೆದು ತಂದಿದ್ದೆ. ಕುಂಚದ ದಿಕ್ಕನ್ನು ಹೇಗೆ ವಿವರಿಸಬೇಕೆಂದು ವಾರದಿಂದ ಅಭ್ಯಾಸ ಮಾಡಿಕೊಂಡಿದ್ದೆ. ಅದರ ಅಗತ್ಯವೇ ಬರಲಿಲ್ಲ.

ಅಧ್ಯಕ್ಷರು ಎದುರು ಅಭ್ಯರ್ಥಿಯನ್ನು ಕೇಳಿದರು: "ಈ ಎಂಟು ತಿಂಗಳು ನೀವು ಕೆಲಸದಲ್ಲಿ ಇದ್ರಾ?"

ಸುಳ್ಳು ಹೇಳಬಹುದೆಂದು ತಮ್ಮ ಎಚ್ಚರಿಸಿದ್ದ. ಅವಳು ಎದ್ದು ನಿಂತಳು.

"ಇರಲಿಲ್ಲ ಸಾರ್. ಆಸ್ಪತ್ರೆಯಲ್ಲಿದ್ದೆ, ಮಗಳ ಮಂಚದ ಪಕ್ಕ. ಅರ್ಜಿಯಲ್ಲಿ ಬರೆದುಬಿಟ್ಟೆ, ತಪ್ಪು. ಆದ್ರೆ ಬಾಯಿಬಿಟ್ಟು ಇಲ್ಲಿದ್ದೆ ಅಂತ ಹೇಳೋಕೆ ನನ್ನಿಂದ ಆಗಲ್ಲ. ಆ ಒಂದೊಂದು ದಿನಾನೂ ನಾನು ಅಲ್ಲಿದ್ದೆ."

"ಹಾಗಾದ್ರೆ ಇಲ್ಲಿ ಕೆಲಸ ಮಾಡಿದ್ದು?"

"ಅಕ್ಕ. ಇವರು. ಆ ತಿಂಗಳುಗಳು ಇವರವು. ಇವರಿಗೇ ಕೊಟ್ಟುಬಿಡಿ."

ಅವರು ನನ್ನ ಕಡೆ ತಿರುಗಿದರು. ಹೌದು, ಅಷ್ಟೂ ದಿನ ನಾನೇ ಎಂದೆ. ಸಹಿ ಯಾರ ಹೆಸರಿನಲ್ಲಿ? ಅವಳ ಹೆಸರಿನಲ್ಲಿ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ವಯಸ್ಸಾದವರು, ಸಭ್ಯರು.

"ಹೆಸರಿದ್ದೋರು ಇರಲಿಲ್ಲ. ಇದ್ದೋರಿಗೆ ಹೆಸರಿಲ್ಲ. ಇದನ್ನ ನಾನು ಯಾವ ಕಾಲಂನಲ್ಲಿ ಬರೀಲಮ್ಮ?"

ಹೊರಗೆ ವರಾಂಡದಲ್ಲಿ ಅವಳು ಬೆಂಚಿನ ಆ ತುದಿಗೆ ಕೂತಳು, ನಾನು ಈ ತುದಿಗೆ. ಇದೇ ಮಾತನ್ನು ಜುಲೈಯಲ್ಲಿ ಹೇಳಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ. ಗಾಜಿನ ಹಲಗೆಯನ್ನು ವಾಪಸ್ಸು ಹೊತ್ತು ತರುವಾಗ ಮೊಳಕೈ ನೋವು.

ಸೆಪ್ಟೆಂಬರ್ ೧೧, ಬುಧವಾರ

ಆದೇಶ ಬಂತು. ಸದರಿ ಅವಧಿಯನ್ನು ಇಬ್ಬರ ಪೈಕಿ ಯಾರ ಅನುಭವಕ್ಕೂ ಪರಿಗಣಿಸತಕ್ಕದ್ದಲ್ಲ. ಅರ್ಹ ಅಭ್ಯರ್ಥಿಗಳಿಲ್ಲದ ಕಾರಣ ಹುದ್ದೆಯನ್ನು ಮುಂದಿನ ವರ್ಷ ಮರುಪ್ರಕಟಿಸುವುದು. ಹಾಜರಿ ದುರುಪಯೋಗಕ್ಕಾಗಿ ಎದುರು ಅಭ್ಯರ್ಥಿಯ ಗುತ್ತಿಗೆ ಈ ಕೂಡಲೇ ರದ್ದು. ಸ್ವತಃ ಮುಂದೆ ಬಂದು ವಾಸ್ತವಾಂಶ ತಿಳಿಸಿದ್ದರಿಂದ ನನಗೆ ಎಚ್ಚರಿಕೆ ಮಾತ್ರ.

ಮುಂದಿನ ವರ್ಷದ ಹೊತ್ತಿಗೆ ಅವಳಿಗೆ ಹತ್ತರ ಹತ್ತಿರ ಬಂದಿರುತ್ತದೆ, ಉಳಿದ ತಿಂಗಳುಗಳನ್ನು ಯಾವುದಾದರೂ ಖಾಸಗಿ ಗ್ರಂಥಾಲಯದಲ್ಲಿ ತುಂಬಿಸಿಕೊಂಡಾಳು. ವಯಸ್ಸೂ ಇದೆ. ನನಗೆ ಇರುವುದಿಲ್ಲ. ಇದನ್ನು ಯಾರೂ ಗಮನಿಸುವುದಿಲ್ಲ.

ಅವಳು ಮಧ್ಯಾಹ್ನ ತನ್ನ ಏಪ್ರನ್ನು, ಕುಂಚಗಳು, ಚಹಾದ ಲೋಟ ತೆಗೆದುಕೊಂಡು ಹೋದಳು. ಬೈಂಡರ್ ಮೆಟ್ಟಿಲಿನ ಕೊನೆಯವರೆಗೆ ಚೀಲ ಹೊತ್ತುಕೊಂಡು ಹೋದವನು ಬಹಳ ಹೊತ್ತು ಮೇಲೆ ಬರಲಿಲ್ಲ. ಅಂಟು ಕಾಯಿಸಲು ಯಾರೂ ಇರಲಿಲ್ಲವಾದ್ದರಿಂದ ಇವತ್ತು ಕೆಲಸ ಸಾಗಲಿಲ್ಲ.

ಸೆಪ್ಟೆಂಬರ್ ೧೮, ಬುಧವಾರ

ಮೇಲ್ಮನವಿಗೆ ಈ ತಿಂಗಳ ಕೊನೆಯವರೆಗೆ ಸಮಯವಿದೆ. ತಮ್ಮ ಒಬ್ಬ ವಕೀಲರನ್ನು ಕೇಳಿ ಬಂದಿದ್ದಾನೆ. ಅವಳು ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆಯೊಂದು ಸಿಕ್ಕರೆ ಸಾಕಂತೆ. ಕಚೇರಿಯ ಅನುಮತಿ ಇದೆ ಎಂದು ತಾನೇ ಸುಳ್ಳು ಹೇಳಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿದ್ದಾಗಿ ಅವಳು ಒಪ್ಪಿಕೊಳ್ಳಬೇಕು. ಆಗ ನಾನು ಮೋಸದಲ್ಲಿ ಪಾಲುಗಾರ್ತಿಯಲ್ಲ, ಮೋಸಹೋದವಳು; ಆಗ ಆ ತಿಂಗಳುಗಳು ನನಗೆ ಬರಬಹುದು.

"ಅವಳು ಹಾಗೆ ಹೇಳಿರಲಿಲ್ಲವಲ್ಲ," ಎಂದೆ.

"ಹೇಳಿರಲಿಲ್ಲ ಅಂತ ನಿನಗೆ ಗ್ಯಾರಂಟಿನಾ? ಹತ್ತು ವರ್ಷದ ಹಿಂದಿನ ಮಾತು."

ಯೋಚಿಸಿ ನೋಡಿದರೆ, ಪೂರ್ತಿ ನೆನಪಿಲ್ಲ. ಪದ್ಧತಿ ಇದೆ ಎಂದು ಯಾರೋ ಹೇಳಿದ್ದರು. ಅವಳೇ ಇರಬೇಕು.

ಇದಕ್ಕೆ ಸಹಿ ಹಾಕಿದರೆ ಅವಳು ಮುಂದೆ ಯಾವ ಸರ್ಕಾರಿ ಹುದ್ದೆಗೂ ಅರ್ಜಿ ಹಾಕುವಂತಿಲ್ಲವಂತೆ. ತಮ್ಮ ಅದನ್ನು ಬೆರಳಚ್ಚು ಮಾಡುತ್ತ ಹೇಳಿದ.

ಸೆಪ್ಟೆಂಬರ್ ೨೮, ಶನಿವಾರ

ಬೆಳಿಗ್ಗೆ ಅವಳ ಮನೆಗೆ ಹೋಗಿ ಬಂದೆ. ಬಾಗಿಲು ತೆಗೆದದ್ದು ಮಗಳು. "ದೊಡ್ಡಮ್ಮಾ! ಎಷ್ಟು ದಿನ ಆಯ್ತು ಬಂದು!" ಎಂದು ಕೈ ಹಿಡಿದು ಒಳಗೆ ಎಳೆದಳು. ಅವಳಿಗೆ ಏನೂ ಹೇಳಿದಂತಿಲ್ಲ. ಓಟದಲ್ಲಿ ಕೊನೆಯವಳಾಗಿ ಬಂದದ್ದನ್ನು ದೊಡ್ಡ ಸುದ್ದಿಯ ಹಾಗೆ ಹೇಳಿದಳು: "ಕೊನೇವ್ಳಾದ್ರೂ ಪೂರ್ತಿ ಓಡಿದೆ, ಗೊತ್ತಾ?"

ತಾಯಿ ನೆಲದ ಮೇಲೆ ಕೂತು ಅಂಗಡಿಯವರಿಗೆ ಲಕೋಟೆ ಅಂಟಿಸುತ್ತಿದ್ದಳು. ಸುತ್ತ ಕಂದು ಕಾಗದದ ರಾಶಿ. ನನ್ನನ್ನು ನೋಡಿ ಮಗಳಿಗೆ, "ಹೋಗು, ಹಾಲು ತಗೊಂಡು ಬಾ," ಎಂದಳು. ಅವಳು ಹೋದ ಮೇಲೆ ಕೈ ಚಾಚಿದಳು. ನಾನು ಏಕೆ ಬಂದಿದ್ದೇನೆಂದು ಕೇಳಲೇ ಇಲ್ಲ. ಕಾಗದ ಕೊಟ್ಟೆ.

ನಿಧಾನವಾಗಿ ಓದಿದಳು. ಒಂದು ಕಡೆ ಬೆರಳು ನಿಂತಿತು.

"ಈ ಸಾಲು ನೀವು ಓದಿದೀರಾ ಅಕ್ಕಾ?"

"ಓದಿದೀನಿ."

"ನಾನು ನಿಮಗೆ ಸುಳ್ಳು ಹೇಳಿ ಕೂರಿಸಿದೆ ಅಂತಿದೆ."

"ಹಾಗಿಲ್ಲದೇ ಇದ್ರೆ ಅಪೀಲು ನಿಲ್ಲಲ್ಲ ಅಂತಾರೆ."

"ಅವತ್ತು ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅಳ್ತಿದ್ದೆ. ಕೆಲಸ ಬಿಡ್ತೀನಿ ಅಂದೆ. ಬಿಡಬೇಡ, ನಾನು ಹೋಗಿ ಕೂರ್ತೀನಿ ಅಂದೋರು ನೀವು. ನೆನಪಿದೆಯಾ?"

ನಾನು ಪೆನ್ನು ಕೊಟ್ಟೆ.

ಅವಳು ಸೀರೆಗೆ ಕೈ ಒರೆಸಿಕೊಂಡು, ನೆಲದ ಮೇಲೆಯೇ ಇಟ್ಟು ಮೂರು ಕಡೆ ಸಹಿ ಹಾಕಿದಳು. ಹಾಕಿ, ಪೆನ್ನಿನ ಮುಚ್ಚಳ ಹಾಕಿ, ಎರಡನ್ನೂ ಒಟ್ಟಿಗೆ ನನ್ನ ಕಡೆ ನೂಕಿದಳು.

"ನನ್ನ ಮಗಳು ಉಳಿದ್ಲು. ಅದರ ಋಣ ಇವತ್ತಿಗೆ ಹರೀತು. ಅವಳು ಹಾಲು ತರೋದ್ರೊಳಗೆ ಹೊರಟುಬಿಡಿ. ಇನ್ನು ಈ ಹೊಸ್ತಿಲು ತುಳೀಬೇಡಿ."

ಅಷ್ಟು ಒರಟಾಗಿ ಹೇಳಬೇಕಾಗಿರಲಿಲ್ಲ. ಬೀದಿಯ ತಿರುವಿನಲ್ಲಿ ಹುಡುಗಿ ಎದುರಾಗಿ, "ಟೀ ಕುಡೀದೆ ಹೊರಟ್ರಾ?" ಎಂದಳು. ಬಸ್ಸು ತಪ್ಪುತ್ತದೆ ಎಂದೆ.

ಮನೆಗೆ ಬಂದು ನೋಡಿಕೊಂಡೆ. ಮೂರೂ ಸಹಿ ಸ್ಪಷ್ಟವಾಗಿವೆ. ಮೊದಲ ಹಾಳೆಯ ಅಂಚಿನಲ್ಲಿ ಅವಳ ಹೆಬ್ಬೆರಳಿನ ಅಂಟು ಮೆತ್ತಿ ಗುರುತು ಬಿದ್ದಿತ್ತು. ಕಚೇರಿಯವರು ಅದನ್ನೇ ನೆಪ ಮಾಡಿಕೊಂಡಾರು. ಹತ್ತಿಯನ್ನು ಒದ್ದೆ ಮಾಡಿ, ಕಾಗದದ ಎಳೆ ಏಳದ ಹಾಗೆ ಮೆಲ್ಲಗೆ ಉಜ್ಜಿ ತೆಗೆದೆ. ಈಗ ಏನೂ ಕಾಣುವುದಿಲ್ಲ. ಒಣಗಲೆಂದು ಕವಿತೆಯ ಪುಸ್ತಕವನ್ನು ಮೇಲೆ ಹೇರಿಟ್ಟಿದ್ದೇನೆ. ಸೋಮವಾರ ಸಲ್ಲಿಸಬೇಕು.